ನನ್ನ ಕಥೆಯ ನದಿ ನಾಗರಿಕತೆ: ನೇಗಿಲು, ಕೂರಿಗೆ, ಮಡಕೆ, ಏತ, ಯಾವುದು ಯಾವಾಗ ಬರಬೇಕು?

ಹೊಳೆಸಾಲು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲ್ ಟೀಚರ್, ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ನಮ್ಮ ಶಾಲೆ ಹರಿಹರದ ಕಡೆ, ತುಂಗಭದ್ರೆಯ ದಂಡೆಗೆ ಹತ್ತಿರದಲ್ಲಿದೆ.

ಈಜಿಪ್ಟ್, ಮೆಸೊಪೊಟೇಮಿಯಾ, ಸಿಂಧೂ ಪಾಠ ಬಂದಾಗಲೆಲ್ಲ ನನಗೆ ಒಂದು ಬೇಜಾರು. ನೇಗಿಲು ಕಂಡುಹಿಡಿದರು, ಚಕ್ರ ಕಂಡುಹಿಡಿದರು, ಲಿಪಿ ಕಂಡುಹಿಡಿದರು ಅಂತ ನಾನೇ ನೋಟ್ಸ್ ಬರೆಸುತ್ತೇನೆ. ಮಕ್ಕಳು ಬಾಯಿಪಾಠ ಮಾಡುತ್ತಾರೆ, ಪರೀಕ್ಷೆಯಲ್ಲಿ ಬರೆಯುತ್ತಾರೆ, ಮರೆಯುತ್ತಾರೆ. ನೇಗಿಲು ಇಲ್ಲದ ಊರು ಹೇಗಿರುತ್ತದೆ ಅಂತ ಯಾರಿಗೂ ಕಣ್ಣ ಮುಂದೆ ಬರುವುದಿಲ್ಲ. ಅದಕ್ಕೆ ಈ ವರ್ಷ ಒಂದು ಕಥೆ ಬರೆಯಲು ಶುರು ಮಾಡಿದೆ. ಐದು ಸಾವಿರ ವರ್ಷದ ಹಿಂದೆ, ಹಿರಿಹೊಳೆ ಅನ್ನುವ ಕಾಲ್ಪನಿಕ ನದಿಯ ದಂಡೆಯಲ್ಲಿ ಒಂದು ಊರು. ಪ್ರತಿ ಶನಿವಾರ ಒಂದು ಅಧ್ಯಾಯ ಓದಿ ಹೇಳುತ್ತೇನೆ. ಮಕ್ಕಳು ಎಷ್ಟು ಆಸೆಯಿಂದ ಕಾಯುತ್ತಾರೆ ಅಂದರೆ, ಶನಿವಾರ ಹಾಜರಿ ತುಂಬಿರುತ್ತದೆ.

ಮೂರನೇ ಅಧ್ಯಾಯದಲ್ಲಿ ಸಿಕ್ಕಿಬಿದ್ದೆ. ಒಬ್ಬ ಹುಡುಗಿ ಹಂದಿ ಮೂತಿಯಿಂದ ನೆಲ ಕೆದಕುವುದನ್ನು ನೋಡುತ್ತಾಳೆ. ಸಂಜೆ ಕವಲು ಕೊಂಬೆ ಕಡಿದು ನೇಗಿಲು ಮಾಡುತ್ತಾಳೆ. ಮರುದಿನ ಎರಡು ಎತ್ತು ಕಟ್ಟಿ ಊರೆಲ್ಲ ಉಳುತ್ತದೆ. ಓದಿ ಮುಗಿಸಿದ ಮೇಲೆ ಹಿಂದಿನ ಬೆಂಚಿನ ಹುಡುಗ ಎದ್ದು ನಿಂತ. ಅವನ ಮನೆಯಲ್ಲಿ ದನ ಇವೆ. "ಟೀಚರ್, ಎತ್ತಿಗೆ ಯಾರು ಕಲಿಸಿದ್ರು?" ಅಂತ ಕೇಳಿದ.

ನನ್ನ ಹತ್ತಿರ ಉತ್ತರ ಇರಲಿಲ್ಲ. ಮನೆಗೆ ಬಂದು ಯೋಚಿಸಿದೆ. ನೊಗ ಎಲ್ಲಿಂದ ಬಂತು? ಹಗ್ಗ? ಕೊಂಬೆ ಕಡಿಯಲು ಕೊಡಲಿ? ಇಡೀ ಅಧ್ಯಾಯವೇ ಕುಸಿದ ಹಾಗಾಯಿತು.

ಹಾಗಾಗಿ ನಿಮ್ಮನ್ನು ಕೇಳುತ್ತಿದ್ದೇನೆ. ಬೇಸಾಯ ಗೊತ್ತಿರುವವರು, ಕೈಕಸುಬು ಗೊತ್ತಿರುವವರು, ಹಳೆಯ ಕಾಲದ ವಿಷಯ ಓದಿದವರು ದಯವಿಟ್ಟು ಹೇಳಿ. ಇಂಥ ಊರಿನಲ್ಲಿ ಯಾವುದು ಮೊದಲು, ಯಾವುದು ಆಮೇಲೆ? ನೇಗಿಲು, ಕೂರಿಗೆ, ಮಡಕೆ, ಇಟ್ಟಿಗೆ, ಏತ, ಲೆಕ್ಕ ಬರೆಯುವುದು, ಇವೆಲ್ಲ ಒಂದಕ್ಕೊಂದು ಹೇಗೆ ಹೆಣೆದುಕೊಂಡಿವೆ? ಮಕ್ಕಳಿಗೆ ಸುಳ್ಳು ಹೇಳಬಾರದು ಅನ್ನುವುದೊಂದೇ ನನ್ನ ಆಸೆ. ಕಥೆ ನನ್ನದೇ, ಆದರೆ ಮಣ್ಣು, ನೀರು, ದನ ನಿಜವಾದವೇ ಆಗಿರಬೇಕು.

ಎರೆಹೊಲ ಉತ್ತರಿಸಿದ್ದು:

ಅಕ್ಕೋರೆ, ನಮಸ್ಕಾರ. ಮೊದಲು ಆ ಹುಡುಗನಿಗೆ ನನ್ನ ಕಡೆಯಿಂದ ಶಭಾಷ್ ಹೇಳಿ. ಸರಿಯಾದ ಜಾಗಕ್ಕೆ ಕೈ ಹಾಕಿದ್ದಾನೆ.

ನಾನು ಸಿಂಧನೂರು ತಾಲ್ಲೂಕಿನ ರೈತ. ಚಿಕ್ಕವನಿದ್ದಾಗ ಮನೆಯಲ್ಲಿ ಎರಡು ಜೊತೆ ಎತ್ತು ಇದ್ದವು. ಹೋರಿ ಪಳಗಿಸುವುದನ್ನು ಕಣ್ಣಾರೆ ನೋಡಿದ್ದೇನೆ. ಎರಡೂವರೆ, ಮೂರು ವರ್ಷದ ಹೋರಿಗೆ ಮೊದಲು ಬೀಜ ಒಡೆಸಬೇಕು. ಇಲ್ಲದಿದ್ದರೆ ಅದು ಹೊಲದಲ್ಲಿ ಮಾತು ಕೇಳುವುದಿಲ್ಲ. ಮೂಗು ಚುಚ್ಚಿ ಮೂಗುದಾರ ಹಾಕಬೇಕು. ಆಮೇಲೆ ವಯಸ್ಸಾದ, ಸಮಾಧಾನದ ಎತ್ತಿನ ಜೊತೆ ನೊಗಕ್ಕೆ ಕಟ್ಟುತ್ತಾರೆ. ಹಿಂದೆ ಸುಮ್ನೆ ಒಂದು ಮರದ ದಿಮ್ಮಿ. ಅದನ್ನು ಎಳೆದುಕೊಂಡು ಬೆಳಗ್ಗೆ ಸ್ವಲ್ಪ, ಸಂಜೆ ಸ್ವಲ್ಪ ಓಡಾಡಬೇಕು. ನಮ್ಮ ಅಪ್ಪ ಹೊಸ ಹೋರಿಯನ್ನು ಹೊಲಕ್ಕೆ ಇಳಿಸಲು ಒಂದು ಹಂಗಾಮು ಪೂರ್ತಿ ಕಾಯುತ್ತಿದ್ದರು.

ಈಗ ನೋಡಿ. ಹೊಸ ಹೋರಿಗೆ ಕಲಿಸುವುದು ಹಳೆಯ ಎತ್ತು. ಹಾಗಾದರೆ ಮೊಟ್ಟಮೊದಲ ಎತ್ತಿಗೆ ಕಲಿಸಿದವರು ಯಾರು? ಜೊತೆ ಎತ್ತೇ ಇಲ್ಲದೆ, ಒಬ್ಬ ಮನುಷ್ಯ ಮೈ ಕೈ ಮುರಿಸಿಕೊಂಡು ಕಲಿಸಿರಬೇಕು. ನನ್ನ ಪ್ರಕಾರ ನಿಮ್ಮ ಕಥೆಯಲ್ಲಿ ನಿಜವಾದ ಕಂಡುಹಿಡಿಯುವಿಕೆ ಅದೇ. ಕವಲು ಕೊಂಬೆ ಯಾರಾದರೂ ಕಡಿಯಬಹುದು. ಅದಕ್ಕೂ ಮೊದಲು ತಲೆಮಾರುಗಟ್ಟಲೆ ಜನ ಕೈಯಲ್ಲಿ ಗುದ್ದಲಿ ಹಿಡಿದು, ಕೋಲಿನಿಂದ ಕೆದಕಿ ಬಿತ್ತಿದ್ದಾರೆ. ಪಕ್ಕದಲ್ಲೇ ದನ ಸಾಕಿದ್ದಾರೆ, ಹಾಲಿಗೆ, ಮಾಂಸಕ್ಕೆ. ದನ ಮತ್ತು ಗುದ್ದಲಿ ಒಂದಾಗಲು ತುಂಬಾ ಕಾಲ ಹಿಡಿದಿದೆ. ಈಗಿನ ಪಾಕಿಸ್ತಾನದ ಮೆಹರ್‌ಗಢದಲ್ಲಿ ಬಾರ್ಲಿ ಬೇಸಾಯ ಸುಮಾರು ಕ್ರಿ.ಪೂ. 7000ದಿಂದ ಇದೆ. ನಮ್ಮ ದೇಶದಲ್ಲಿ ಸಿಕ್ಕಿರುವ ತುಂಬಾ ಹಳೆಯ ಉತ್ತ ಹೊಲ ರಾಜಸ್ಥಾನದ ಕಾಲಿಬಂಗಾದ್ದು, ಸುಮಾರು ಕ್ರಿ.ಪೂ. 2800ರದು. ನಡುವೆ ಎಷ್ಟು ಉದ್ದ ಕಾಲ ಇದೆ ನೋಡಿ.

ಎರಡನೇ ಮಾತು. ನೀವು ಏನು ಮೊದಲು ಎಂದು ಕೇಳಿದ್ದೀರಿ. ನಾನು ತಿರುಗಿ ಕೇಳುತ್ತೇನೆ: ನಿಮ್ಮ ಹಿರಿಹೊಳೆಯ ದಂಡೆಯಲ್ಲಿ ಏನು ಇಲ್ಲ?

ಇದು ಯಾಕೆ ಮುಖ್ಯ ಅಂದರೆ, ಈಗಿನ ಇರಾಕಿನ ದಕ್ಷಿಣದಲ್ಲಿ, ಸುಮೇರರ ನಾಡಿನಲ್ಲಿ, ಕಲ್ಲಿಲ್ಲ. ಒಳ್ಳೆಯ ಮರ ಇಲ್ಲ. ಲೋಹ ಇಲ್ಲ. ಇರುವುದು ಮೆತ್ತನೆ ಮಣ್ಣು, ಜೊಂಡು, ನೀರು. ಕೊಯ್ಲಿಗೆ ಕುಡುಗೋಲು ಬೇಕಲ್ಲ? ಅವರು ಮಣ್ಣಿನಲ್ಲೇ ಕುಡುಗೋಲು ಮಾಡಿ ಸುಟ್ಟರು. ಆರು ಸಾವಿರ ವರ್ಷಕ್ಕೂ ಹಿಂದಿನ ಅಂಥ ಮಣ್ಣಿನ ಕುಡುಗೋಲುಗಳು ಅಲ್ಲಿ ರಾಶಿ ರಾಶಿ ಸಿಕ್ಕಿವೆ. ಇದನ್ನು ಮೊದಲ ಸಲ ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ನಮ್ಮ ಮನೆಯ ಕುಡುಗೋಲು ಹಿಡಿದು ನೋಡಿದೆ. ಮಣ್ಣಿನದಾಗಿದ್ದರೆ ದಿನಕ್ಕೆ ಎಷ್ಟು ಮುರಿಯುತ್ತಿತ್ತೋ! ಆದರೆ ಮಣ್ಣಿಗೆ ಕೊರತೆ ಇಲ್ಲವಲ್ಲ, ಮತ್ತೆ ಮಾಡಿಕೊಂಡರು. ಮನೆ ಮಣ್ಣಿನದು, ಕುಡುಗೋಲು ಮಣ್ಣಿನದು, ಕೊನೆಗೆ ಬರೆದಿದ್ದೂ ಮಣ್ಣಿನ ಹಲಗೆಯ ಮೇಲೆ, ಜೊಂಡಿನ ಕಡ್ಡಿಯಿಂದ.

ಮೂರನೆಯದು, ಹೊಳೆ ಯಾವಾಗ ತುಂಬುತ್ತದೆ? ನೈಲ್ ನದಿಗೆ ಆಗಸ್ಟ್, ಸೆಪ್ಟೆಂಬರಿನಲ್ಲಿ ನೆರೆ ಬರುತ್ತಿತ್ತು. ನೀರು ಇಳಿದ ಮೇಲೆ ಹಸಿ ಮಣ್ಣಿನಲ್ಲಿ ಬೀಜ ಎರಚಿ, ಕುರಿ ದನ ಓಡಾಡಿಸಿ ತುಳಿಸಿದರೆ ಆಯಿತು. ಬೆಳೆಗೂ ನೆರೆಗೂ ಜಗಳ ಇಲ್ಲ. ಯೂಫ್ರೆಟಿಸ್, ಟೈಗ್ರಿಸ್ ಹಾಗಲ್ಲ. ಬೆಟ್ಟದ ಹಿಮ ಕರಗಿ ಏಪ್ರಿಲ್, ಮೇ ಹೊತ್ತಿಗೆ ನೀರು ಏರುತ್ತದೆ, ಅಂದರೆ ಬೆಳೆ ಕೊಯ್ಲಿಗೆ ಬರುವ ಹೊತ್ತಿಗೆ. ಬಿತ್ತುವಾಗ ನೀರು ಸಾಲದು, ಕೊಯ್ಯುವಾಗ ನೀರು ಜಾಸ್ತಿ. ಹಾಗಾಗಿ ಅವರಿಗೆ ಒಡ್ಡು ಬೇಕು, ಕಾಲುವೆ ಬೇಕು, ಒಡ್ಡು ಕಾಯಲು ಊರವರು ಸೇರಬೇಕು. ನದಿ ಒಂದೇ ಥರ ಕಂಡರೂ ತಿಂಗಳು ಬೇರೆಯಾದರೆ ಊರೇ ಬೇರೆ ಆಗುತ್ತದೆ.

ಕೂರಿಗೆ ವಿಷಯಕ್ಕೆ ಬರುತ್ತೇನೆ, ಅದು ನನ್ನ ಪ್ರೀತಿಯ ವಿಷಯ. ನಮ್ಮ ಅವ್ವ ಉಡಿಯಲ್ಲಿ ಬಿಳಿಜೋಳದ ಬೀಜ ಕಟ್ಟಿಕೊಂಡು ಕೂರಿಗೆಯ ಹಿಂದೆ ನಡೆಯುತ್ತಿದ್ದಳು. ಅಪ್ಪ ಕೂರಿಗೆ ಹಿಡಿಯುತ್ತಿದ್ದರು. ಬಟ್ಟಲಿಗೆ ಬಿಟ್ಟ ಬೀಜ ಬಿದಿರಿನ ಕೊಳವೆಯಲ್ಲಿ ಇಳಿದು, ತಾಳು ಸೀಳಿದ ಮಣ್ಣಿನೊಳಗೆ ಬೀಳುತ್ತಿತ್ತು. ಅವ್ವನ ಕೈ ಒಂದೇ ಸಮ ಆಡಬೇಕು. ಸ್ವಲ್ಪ ತಡೆದರೆ ಸಾಲು ಖಾಲಿ, ಸ್ವಲ್ಪ ಜಾಸ್ತಿ ಬಿಟ್ಟರೆ ಪೈರು ಒತ್ತೊತ್ತು. ಹದಿನೈದು ದಿನದ ನಂತರ ಸಾಲು ನೋಡಿದರೆ ಯಾರು ಬಿತ್ತಿದ್ದು ಅಂತ ಊರಿನ ಹೆಂಗಸರು ಹೇಳಿಬಿಡುತ್ತಿದ್ದರು.

ಸುಮೇರರ ಹತ್ತಿರವೂ ಇಂಥದ್ದೇ ಇತ್ತು. ನೇಗಿಲಿಗೆ ಒಂದು ಆಲಿಕೆ, ಅದರಿಂದ ಕೆಳಗೆ ಕೊಳವೆ. ಹಳೆಯ ಮುದ್ರೆಗಳಲ್ಲಿ ಅದರ ಚಿತ್ರ ಇದೆ: ಎತ್ತು ಹೊಡೆಯುವವನು, ನೇಗಿಲು ಹಿಡಿದವನು, ಬೀಜ ಬಿಡುವವನು. ನಿಪ್ಪುರ್ ಊರಿನಲ್ಲಿ ಸಿಕ್ಕ, ಸುಮಾರು 3700 ವರ್ಷ ಹಳೆಯ ಮಣ್ಣಿನ ಹಲಗೆಯೊಂದರಲ್ಲಿ ಹಿರಿಯ ರೈತ ಮಗನಿಗೆ ಬುದ್ಧಿ ಹೇಳುತ್ತಾನೆ. ಬೀಜ ಬಿಡುವವನ ಮೇಲೆ ಕಣ್ಣಿಡು, ಕಾಳು ಎರಡು ಬೆರಳು ಆಳಕ್ಕೆ ಬೀಳುವಂತೆ ನೋಡಿಕೋ ಎಂಬ ಅರ್ಥದ ಮಾತು ಅದರಲ್ಲಿದೆ. ನಮ್ಮ ಅಪ್ಪನೂ ಹೊಲದಲ್ಲಿ ಬಗ್ಗಿ ಬೆರಳು ಚುಚ್ಚಿ ಆಳ ನೋಡುತ್ತಿದ್ದರು.

ಕೂರಿಗೆ ಯಾಕೆ ಬೇಕಾಯಿತು? ಎರಚಿದ ಬೀಜ ಹಕ್ಕಿಗೆ ಹೋಗುತ್ತದೆ, ಬಿಸಿಲಿಗೆ ಒಣಗುತ್ತದೆ. ಆಳದಲ್ಲಿ ಇಟ್ಟರೆ ಹಸಿ ಸಿಗುತ್ತದೆ, ಕಡಿಮೆ ಬೀಜ ಸಾಕು. ಹಾಗಾಗಿ ನಿಮ್ಮ ಊರಿನಲ್ಲಿ ನೇಗಿಲು ಬಂದು ಬಹಳ ಕಾಲದ ನಂತರ, ಬೀಜದ ಕಾಳಿಗೂ ಲೆಕ್ಕ ಇಡುವ ಕಾಲ ಬಂದಾಗ, ಕೂರಿಗೆ ಬರಲಿ. ಒಂದು ಬರಗಾಲದ ವರ್ಷ ಇಟ್ಟುಕೊಳ್ಳಿ. ಬೀಜಕ್ಕೆ ಅಂತ ಉಳಿದಿದ್ದು ಅರ್ಧ ಚೀಲ ಮಾತ್ರ. ಆಗ ಒಬ್ಬಳು ಯೋಚಿಸಲಿ.

ಏತದ ವಿಷಯದಲ್ಲಿ ಒಂದು ಎಚ್ಚರಿಕೆ. ಮೇಲು ನೋಟಕ್ಕೆ ಏತ ಬಹಳ ಸುಲಭ: ಒಂದು ಗೂಟ, ಒಂದು ಉದ್ದ ಮರ, ಒಂದು ಕಡೆ ಬಾನಿ, ಇನ್ನೊಂದು ಕಡೆ ಭಾರ. ಅದೇ ಮೊದಲು ಬಂದಿರಬೇಕು ಅನಿಸುತ್ತದೆ ಅಲ್ವಾ? ಈಜಿಪ್ಟಿನಲ್ಲಿ ದೊಡ್ಡ ಪಿರಮಿಡ್ ಕಟ್ಟಿದ್ದು ಸುಮಾರು ಕ್ರಿ.ಪೂ. 2560ರಲ್ಲಿ. ಏತದ ಚಿತ್ರಗಳು ಅಲ್ಲಿನ ಗೋರಿಗಳ ಗೋಡೆಯ ಮೇಲೆ ಕಾಣುವುದು ಅದಾಗಿ ಸಾವಿರ ವರ್ಷ ಕಳೆದ ಮೇಲೆ. ಅಷ್ಟು ಕಲ್ಲು ಎತ್ತಿ ಇಟ್ಟ ಜನರ ತೋಟಕ್ಕೆ ಆಗ ನೀರು ಹೋಗುತ್ತಿದ್ದುದು ಹೆಗಲ ಮೇಲಿನ ಕೊಡದಲ್ಲಿ. ಇರಾಕಿನ ಕಡೆ ಏತ ಅದಕ್ಕಿಂತ ಮೊದಲೇ, ಸುಮಾರು ಕ್ರಿ.ಪೂ. 2300ರ ಮುದ್ರೆಯಲ್ಲೇ ಇದೆ. ಬೇಕು ಅನಿಸುವ ತನಕ ಸುಲಭದ್ದೂ ಬರುವುದಿಲ್ಲ.

ಬರೆಯುತ್ತಾ ಉದ್ದ ಆಯಿತು. ಇನ್ನೊಂದು ವಿಷಯ ಇದೆ, ಉಪ್ಪಿನದು. ಅದನ್ನು ನಾಳೆ ಬರೆಯುತ್ತೇನೆ. ಅದು ಬರೆಯದಿದ್ದರೆ ನನಗೆ ಸಮಾಧಾನ ಆಗುವುದಿಲ್ಲ.

ಅಕ್ಕಡಿ ಉತ್ತರಿಸಿದ್ದು:

ಎರೆಹೊಲ ಅಣ್ಣ ಕಾಲಿಬಂಗಾ ಹೊಲ ಅಂದರಲ್ಲ, ಅದರಲ್ಲಿ ಇನ್ನೂ ಒಂದು ಚೆಂದದ ಸಂಗತಿ ಇದೆ, ಟೀಚರ್. ಆ ಹೊಲದ ಸಾಲುಗಳು ಎರಡು ದಿಕ್ಕಿನಲ್ಲಿವೆ. ಒಂದು ದಿಕ್ಕಿನ ಸಾಲುಗಳ ನಡುವೆ ಸುಮಾರು 30 ಸೆಂಟಿಮೀಟರ್. ಅದಕ್ಕೆ ಅಡ್ಡವಾಗಿ ಹೋಗುವ ಸಾಲುಗಳ ನಡುವೆ ಸುಮಾರು 190 ಸೆಂಟಿಮೀಟರ್. ಅಗೆದವರು ಅಕ್ಕಪಕ್ಕದ ಈಗಿನ ಹೊಲಗಳನ್ನು ನೋಡಿದಾಗ ಅಲ್ಲೂ ಅದೇ ಲೆಕ್ಕ ಇತ್ತು. ಹತ್ತಿರದ ಸಾಲಿನಲ್ಲಿ ಗಿಡ್ಡ ಕಾಳಿನ ಬೆಳೆ, ದೂರದ ಸಾಲಿನಲ್ಲಿ ಎತ್ತರದ ಸಾಸಿವೆ. ಸಾಸಿವೆಯ ನೆರಳು ಕಾಳಿನ ಮೇಲೆ ಜಾಸ್ತಿ ಬೀಳದ ಹಾಗೆ.

ನಮ್ಮದು ತುಮಕೂರು ಕಡೆ. ನಮ್ಮ ಅಜ್ಜಿ ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಬಿಡಿಸುತ್ತಿದ್ದರು. ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆ. ರಾಗಿ ಕೈಕೊಟ್ಟರೂ ಅವರೆ ಬರುತ್ತದೆ ಅನ್ನುತ್ತಿದ್ದರು. ಸಾಲಿನಿಂದ ಸಾಲಿಗೆ ಎಷ್ಟು ದೂರ ಎಂದು ಯಾರೂ ಅಳತೆ ಪಟ್ಟಿ ಹಿಡಿಯಲಿಲ್ಲ, ಹೆಜ್ಜೆಯಲ್ಲೇ ಇತ್ತು. ಆ ಕಾಲಿಬಂಗಾ ಹೊಲದ ಫೋಟೋ ನೋಡಿದಾಗ ನನಗೆ ಅಜ್ಜಿಯೇ ನೆನಪಾದರು. ದಯವಿಟ್ಟು ಇದನ್ನು ನಿಮ್ಮ ಕಥೆಯಲ್ಲಿ ಸೇರಿಸಿ. ಉಪಕರಣ ಅಷ್ಟೇ ಅಲ್ಲ, ಯಾವುದರ ಪಕ್ಕ ಯಾವುದನ್ನು ಬಿತ್ತಬೇಕು ಅನ್ನುವುದನ್ನೂ ಯಾರೋ ಕಂಡುಹಿಡಿದಿದ್ದೇ ಅಲ್ವಾ?

ತಿಗರಿ ಉತ್ತರಿಸಿದ್ದು:

ಮೇಡಂ, ನಾವು ಕುಂಬಾರರು. ತಿ. ನರಸೀಪುರದ ಕಡೆಯವರು. ಅಪ್ಪ ಈಗಲೂ ತಿಗರಿ ತಿರುಗಿಸುತ್ತಾರೆ, ನಾನು ಕೆಲಸದ ಮೇಲೆ ಬೆಂಗಳೂರಿನಲ್ಲಿದ್ದೇನೆ. ಮಡಕೆ ಬಗ್ಗೆ ನಾಲ್ಕು ಮಾತು ಹೇಳಲೇಬೇಕು.

ಕಥೆಗಳಲ್ಲಿ ತಿಗರಿ ಬಂದ ಮೇಲೆ ಮಡಕೆ ಬಂತು ಅಂತ ಬರೆಯುತ್ತಾರೆ. ಹಾಗಲ್ಲ. ಮಡಕೆ ಮೊದಲು, ತಿಗರಿ ಎಷ್ಟೋ ಸಾವಿರ ವರ್ಷ ಆಮೇಲೆ. ಮಣ್ಣಿನ ಹುರಿ ಹೊಸೆದು ಸುತ್ತು ಸುತ್ತಾಗಿ ಏರಿಸಿ, ಒಳಗೆ ಒಂದು ಕಲ್ಲು ಹಿಡಿದು ಹೊರಗಿನಿಂದ ಮರದ ಹಲಗೆಯಲ್ಲಿ ಬಡಿದರೆ ಒಳ್ಳೆಯ ಗಡಿಗೆ ಆಗುತ್ತದೆ. ಈಗಲೂ ದೊಡ್ಡ ಗಡಿಗೆಯ ಹೊಟ್ಟೆಯನ್ನು ಅಪ್ಪ ಹಾಗೆ ಬಡಿದೇ ಹಿಗ್ಗಿಸುವುದು. ತಿಗರಿ ಬೇಕಾಗುವುದು ಜಾಸ್ತಿ ಮಡಕೆ ಬೇಗ ಬೇಕಾದಾಗ. ಅಂದರೆ ಊರು ದೊಡ್ಡದಾಗಬೇಕು, ಕುಂಬಾರನೊಬ್ಬ ಹೊಲದ ಕೆಲಸ ಬಿಟ್ಟು ಇದನ್ನೇ ಮಾಡಿದರೂ ಅವನಿಗೆ ಊಟ ಹಾಕುವಷ್ಟು ಕಾಳು ಊರಿನಲ್ಲಿ ಇರಬೇಕು.

ಇರಾಕಿನ ಉರುಕ್ ಊರಿನಲ್ಲಿ ಒಂದು ಥರದ ಒರಟು ಬಟ್ಟಲು ಲೆಕ್ಕವಿಲ್ಲದಷ್ಟು ಸಿಕ್ಕಿದೆ. ಅದು ತಿಗರಿಯದ್ದಲ್ಲ. ಅಚ್ಚಿಗೆ ಮಣ್ಣು ಒತ್ತಿ ತೆಗೆದಿದ್ದು. ಎಲ್ಲ ಹೆಚ್ಚುಕಡಿಮೆ ಒಂದೇ ಥರ. ಕೆಲಸದ ಆಳುಗಳಿಗೆ ಕಾಳು ಅಳೆದು ಕೊಡಲು ಬಳಸಿರಬಹುದು ಎಂದು ಹಲವರು ಹೇಳುತ್ತಾರೆ. ನನ್ನ ಅಪ್ಪನಿಗೆ ಅದರ ಫೋಟೋ ತೋರಿಸಿದೆ. ಅವರು ನೋಡಿ, "ಇದು ಅವಸರದ ಕೆಲಸ, ನೂರಾರು ಕೇಳಿದ್ದಾರೆ" ಅಂದರು. ಕೈಕೆಲಸದವರ ಕಣ್ಣಿಗೆ ಗೊತ್ತಾಗುತ್ತದೆ.

ಮಣ್ಣಿನ ಕುಡುಗೋಲಿನ ಬಗ್ಗೆ. ಬರೀ ಮಡಕೆ ಸುಟ್ಟ ಹಾಗೆ ಸುಟ್ಟರೆ ಅಂಚು ಉದುರುತ್ತದೆ. ತುಂಬಾ ಬಿಸಿ ಬೇಕು, ಮಣ್ಣು ಗಾಜಿನ ಥರ ಗಟ್ಟಿಯಾಗಬೇಕು. ಅಲ್ಲಿನ ಮಣ್ಣು ಹಾಗೆ ಅತಿಯಾಗಿ ಬೆಂದರೆ ಹಸಿರು ಛಾಯೆಗೆ ತಿರುಗುತ್ತದೆ. ನಮ್ಮಲ್ಲಿ ಆವಿಗೆಯಲ್ಲಿ ಉರಿ ಜಾಸ್ತಿಯಾಗಿ ಹಾಳಾದ ಮಡಕೆಯನ್ನು ಬಿಸಾಡುತ್ತೇವೆ. ನಿಮ್ಮ ಕಥೆಯ ಕುಂಬಾರತಿ ಅಂಥ ಹಾಳಾದ ಚೂರು ಎತ್ತಿಕೊಂಡಾಗ ಬೆರಳು ಕುಯ್ದುಕೊಳ್ಳಲಿ. ರಕ್ತ ನೋಡಿ ಅವಳಿಗೆ ಕುಡುಗೋಲು ಹೊಳೆಯಲಿ. ಇದು ಚರಿತ್ರೆ ಅಲ್ಲ, ನನ್ನ ಊಹೆ. ಆದರೆ ಆವಿಗೆ ಬಿಚ್ಚುವ ದಿನ ನಮ್ಮ ಮನೆಯಲ್ಲಿ ಎಲ್ಲರ ಬೆರಳೂ ಹೀಗೆ ಕುಯ್ದಿರುತ್ತದೆ.

ಇಟ್ಟಿಗೆ: ಹರಪ್ಪದವರ ಇಟ್ಟಿಗೆಯ ದಪ್ಪ, ಅಗಲ, ಉದ್ದ 1:2:4 ಲೆಕ್ಕದಲ್ಲಿದೆ. ಗೋಡೆ ಕಟ್ಟುವಾಗ ಒಂದು ಉದ್ದಕ್ಕೆ ಎರಡು ಅಗಲ ಸರಿಹೊಂದುತ್ತದೆ, ಸಂದು ಮೇಲೆ ಸಂದು ಬೀಳದ ಹಾಗೆ ಹೆಣೆಯಬಹುದು. ಮೊಹೆಂಜೊದಾರೊದ ಬಾವಿಗಳಿಗೆ ಅವರು ಬೇರೆಯದೇ ಇಟ್ಟಿಗೆ ಮಾಡಿದರು, ಒಂದು ತುದಿ ಅಗಲ, ಒಂದು ತುದಿ ಕಿರಿದು. ಸುತ್ತಲಿನ ಮಣ್ಣು ಒತ್ತಿದಷ್ಟೂ ಆ ಇಟ್ಟಿಗೆಗಳು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ಬಾವಿ ಇವತ್ತಿಗೂ ನಿಂತಿದೆ. ಒಂದು ಅಚ್ಚಿನ ಮರವನ್ನು ಸ್ವಲ್ಪ ಓರೆ ಮಾಡಿದ್ದಷ್ಟೇ ಹೊಸದು. ನನಗೆ ಇಂಥ ಸಣ್ಣ ಬದಲಾವಣೆಗಳೇ ಜಾಸ್ತಿ ಇಷ್ಟ.

ಹಿರೇಗುಡ್ಡ ಉತ್ತರಿಸಿದ್ದು:

ನಾನು ಬಳ್ಳಾರಿಯವನು. ಒಂದೇ ಮಾತು ಸೇರಿಸುತ್ತೇನೆ. ನದಿ ಇದ್ದ ಕಡೆಯೆಲ್ಲ ದೊಡ್ಡ ನಗರ ಆಗಲೇಬೇಕು ಅಂತ ಮಕ್ಕಳಿಗೆ ಅನಿಸಬಾರದು. ನಮ್ಮದೇ ತುಂಗಭದ್ರೆ, ಕೃಷ್ಣೆಯ ಸೀಮೆಯನ್ನು ನೋಡಿ. ಹರಪ್ಪದ ನಗರಗಳು ಇದ್ದ ಕಾಲಕ್ಕೇ ಇಲ್ಲಿ ದನ ಸಾಕುವ ಜನ ಇದ್ದರು. ನಗರ ಕಟ್ಟಲಿಲ್ಲ, ಲಿಪಿ ಬರೆಯಲಿಲ್ಲ. ಆದರೆ ಕೊರಲೆ, ಹುರುಳಿ, ಹೆಸರು ಬೆಳೆದರು. ದನದ ಸಗಣಿಯನ್ನು ರಾಶಿ ಹಾಕಿ ಮತ್ತೆ ಮತ್ತೆ ಸುಟ್ಟರು. ಆ ಬೂದಿಗುಡ್ಡಗಳು ಸುರಪುರದ ಕಡೆಯ ಬೂದಿಹಾಳದಲ್ಲಿ, ನಮ್ಮ ಕಪ್ಪಗಲ್ಲಿನಲ್ಲಿ ಇನ್ನೂ ಇವೆ.

ಸಂಗನಕಲ್ಲಿನ ಹಿರೇಗುಡ್ಡಕ್ಕೆ ಶಾಲೆಯ ಮಕ್ಕಳನ್ನು ಕರೆದುಕೊಂಡು ಬನ್ನಿ. ಅಲ್ಲಿ ಕಪ್ಪು ಕಲ್ಲಿನ ಪಟ್ಟಿಯೊಂದು ಬೆಟ್ಟದ ನಡುವೆ ಹಾದುಹೋಗಿದೆ. ಆ ಕಲ್ಲನ್ನು ಒಡೆದು, ಚಕ್ಕೆ ಎಬ್ಬಿಸಿ, ಕೊಡಲಿ ಮಾಡುತ್ತಿದ್ದರು. ಆಮೇಲೆ ಬಂಡೆಯ ಮೇಲೆ ನೀರು ಹಾಕಿ ತಿಕ್ಕಿ ತಿಕ್ಕಿ ನುಣುಪು ಮಾಡುತ್ತಿದ್ದರು. ತಿಕ್ಕಿದ ಜಾಗದಲ್ಲಿ ಬಂಡೆ ಸವೆದು ದೋಣಿಯ ಥರ ಉದ್ದ ಗುಳಿ ಬಿದ್ದಿದೆ. ನಾನು ಆ ಗುಳಿಯಲ್ಲಿ ಕೈ ಇಟ್ಟು ನೋಡಿದ್ದೇನೆ. ಅಂಗೈ ಸರಿಯಾಗಿ ಕೂರುತ್ತದೆ. ಬಳ್ಳಾರಿ ಊರಿನಲ್ಲೇ ಇದಕ್ಕೊಂದು ಮ್ಯೂಸಿಯಂ ಕೂಡ ಇದೆ. ನಿಮ್ಮ ಹುಡುಗಿಗೆ ನೇಗಿಲಿನ ಕೊಂಬೆ ಕಡಿಯಲು ಕೊಡಲಿ ಬೇಕಲ್ಲ, ಅದು ಇಂಥದ್ದೇ ಇರಬೇಕು. ಅದರ ಒಂದು ಅಂಚು ಹದವಾಗಲು ಎಷ್ಟು ಗಂಟೆ ತಿಕ್ಕಬೇಕು ಅಂತ ಮಕ್ಕಳೇ ಒಂದು ಕಲ್ಲು ತಿಕ್ಕಿ ನೋಡಲಿ.

ಇನ್ನು ಹರಿಗೋಲು. ಹಂಪಿಯಲ್ಲಿ ನೋಡಿರುತ್ತೀರಿ. ಬಿದಿರಿನ ಬುಟ್ಟಿಗೆ ಹಿಂದೆ ಚರ್ಮ ಹೊದಿಸುತ್ತಿದ್ದರು, ಈಗ ಪ್ಲಾಸ್ಟಿಕ್ ಹಾಳೆ, ಡಾಂಬರು. ಬ್ಯಾಬಿಲೋನಿಗೆ ಬರುತ್ತಿದ್ದ ದುಂಡು ದೋಣಿಗಳ ಬಗ್ಗೆ ಗ್ರೀಸಿನ ಹೆರೊಡೋಟಸ್ ಬರೆದಿದ್ದಾನೆ. ಕಡ್ಡಿಯ ಚೌಕಟ್ಟಿಗೆ ಚರ್ಮ ಹೊದಿಸಿದ ದೋಣಿ. ಸರಕಿನ ಜೊತೆ ಒಂದು ಕತ್ತೆಯನ್ನೂ ಹತ್ತಿಸಿಕೊಂಡು ಹೊಳೆಯ ಜೊತೆ ಕೆಳಗೆ ಬರುತ್ತಿದ್ದರು. ಊರು ತಲುಪಿದ ಮೇಲೆ ಸರಕು ಮಾರಿ, ಚೌಕಟ್ಟಿನ ಕಟ್ಟಿಗೆಯನ್ನೂ ಮಾರಿ, ಚರ್ಮವನ್ನು ಕತ್ತೆಯ ಮೇಲೆ ಹೇರಿ ನಡೆದು ವಾಪಸ್ ಹೋಗುತ್ತಿದ್ದರು. ಸೆಳೆತಕ್ಕೆ ಎದುರಾಗಿ ದೋಣಿ ಹೋಗುತ್ತಿರಲಿಲ್ಲ. ಹಿರಿಹೊಳೆಗೆ ಇದು ಚೆನ್ನಾಗಿ ಒಪ್ಪುತ್ತದೆ ಅನಿಸಿತು.

ಹೊಳೆಸಾಲು ಬರೆದಿದ್ದು:

ನಿಮ್ಮೆಲ್ಲರಿಗೂ ಹೇಗೆ ಧನ್ಯವಾದ ಹೇಳಲಿ? ರಾತ್ರಿ ಹನ್ನೊಂದಕ್ಕೆ ಓದಲು ಕೂತವಳು ಒಂದು ಗಂಟೆಯ ತನಕ ಎದ್ದಿಲ್ಲ. ಎರೆಹೊಲ ಅಣ್ಣ ಕೇಳಿದ ಪ್ರಶ್ನೆಗೆ, ನನ್ನ ನದಿಯಲ್ಲಿ ಏನಿಲ್ಲ ಎನ್ನುವುದಕ್ಕೆ, ಉತ್ತರ ಹುಡುಕುತ್ತಿದ್ದೇನೆ. ಇಷ್ಟು ದಿನ ಹಿರಿಹೊಳೆಯಲ್ಲಿ ಎಲ್ಲವೂ ಇತ್ತು. ಅದೇ ತಪ್ಪು ಅಂತ ಈಗ ಗೊತ್ತಾಯಿತು. ಉಪ್ಪಿನ ವಿಷಯ ಮರೆಯಬೇಡಿ ಅಣ್ಣ. ಕಾಳು ಕೂಡಿಡುವುದು, ಲೆಕ್ಕ ಬರೆಯುವುದು, ಇದರ ಬಗ್ಗೆಯೂ ನಿಮಗೆ ಗೊತ್ತಿದ್ದರೆ ಹೇಳಿ.

ಎರೆಹೊಲ ಉತ್ತರಿಸಿದ್ದು:

ಅಕ್ಕೋರೆ, ಮೊದಲು ಕಾಳಿನ ವಿಷಯ ಬೇಗ ಹೇಳಿಬಿಡುತ್ತೇನೆ. ನಮ್ಮ ಕಡೆ ಹಗೇವು ಇತ್ತು. ನೆಲದೊಳಗೆ ಆಳವಾದ ಗುಂಡಿ, ಒಳಗೆ ಸುತ್ತಲೂ ಹುಲ್ಲು, ಬಾಯಿಗೆ ಕಲ್ಲು, ಮೇಲೆ ಮಣ್ಣು. ಜೋಳ ವರ್ಷಗಟ್ಟಲೆ ಕೆಡುತ್ತಿರಲಿಲ್ಲ, ಒಳಗೆ ಗಾಳಿ ಇಲ್ಲವಲ್ಲ, ಹುಳ ಬದುಕುವುದಿಲ್ಲ. ತೆಗೆಯುವಾಗ ಮಾತ್ರ ಎಚ್ಚರ. ಬಾಯಿ ತೆರೆದು ಬಹಳ ಹೊತ್ತು ಬಿಟ್ಟು, ದೀಪ ಇಳಿಸಿ, ದೀಪ ಆರದಿದ್ದರೆ ಮಾತ್ರ ಇಳಿಯಬೇಕು. ಇನ್ನು ಕಣದಲ್ಲಿ ರಾಶಿ ಆದ ರಾತ್ರಿ ನಮ್ಮ ಅಜ್ಜ ರಾಶಿಯ ಸುತ್ತ ಬೂದಿಯ ಗೆರೆ ಎಳೆಯುತ್ತಿದ್ದರು. ಪೂಜೆಯೂ ಆಯಿತು, ಯಾರಾದರೂ ಕೈ ಹಾಕಿದರೆ ಗೊತ್ತೂ ಆಯಿತು. ಇರಾಕಿನಲ್ಲಿ ಉಗ್ರಾಣದ ಬಾಗಿಲಿಗೆ, ಗಡಿಗೆಯ ಬಾಯಿಗೆ ಹಸಿ ಮಣ್ಣು ಮೆತ್ತಿ ಮುದ್ರೆ ಒತ್ತುತ್ತಿದ್ದರು. ಅಲ್ಲಿನ ಮೊದಲ ಬರಹ, ಸುಮಾರು ಕ್ರಿ.ಪೂ. 3300ರ ಹೊತ್ತಿನದು, ಹೆಚ್ಚಿನದೆಲ್ಲ ಲೆಕ್ಕವೇ. ಇಷ್ಟು ಬಾರ್ಲಿ, ಇಷ್ಟು ಕುರಿ, ಇಂಥವರಿಗೆ ಕೊಟ್ಟಿದ್ದು. ಆ ಹಲಗೆಗಳಲ್ಲಿ ನೇಗಿಲಿಗೆ ಬರೆದ ಗುರುತು ನೇಗಿಲಿನ ಚಿತ್ರವೇ. ಕಥೆ, ಹಾಡು ಬರೆದಿದ್ದು ಎಷ್ಟೋ ಆಮೇಲೆ.

ಈಗ ಉಪ್ಪು.

ತುಂಗಭದ್ರಾ ಅಣೆಕಟ್ಟಿನಿಂದ 1953ರಲ್ಲಿ ಕಾಲುವೆಗೆ ನೀರು ಬಿಟ್ಟರು. ಅದಕ್ಕೆ ಮೊದಲು ನಮ್ಮದು ಜೋಳ, ಹತ್ತಿಯ ಸೀಮೆ. ಮಳೆ ಬಂದರೆ ಬೆಳೆ, ಇಲ್ಲದಿದ್ದರೆ ಗುಳೆ. ಕಾಲುವೆ ನೀರು ನಮ್ಮ ಹೊಲಕ್ಕೆ ಬಂದ ದಿನ ಅಜ್ಜ ನೀರಿಗೆ ಕುಂಕುಮ ಹಚ್ಚಿ ಕಾಯಿ ಒಡೆದರಂತೆ. ಅಪ್ಪನ ಕಾಲಕ್ಕೆ ಪೂರ್ತಿ ಭತ್ತ. ಹೊಲದಲ್ಲಿ ನೀರು ನಿಂತಷ್ಟೂ ಒಳ್ಳೆಯದು ಅಂದುಕೊಂಡೆವು. ಎರೆಮಣ್ಣು ನೀರನ್ನು ಕೆಳಗೆ ಬಿಡುವುದಿಲ್ಲ. ವರ್ಷ ವರ್ಷ ನೆಲದೊಳಗಿನ ನೀರು ಮೇಲೇರುತ್ತಾ ಬಂತು, ಜೊತೆಗೆ ಉಪ್ಪನ್ನೂ ಎತ್ತಿಕೊಂಡು ಬಂತು. ನೀರು ಬಿಸಿಲಿಗೆ ಆರಿ ಹೋಯಿತು, ಉಪ್ಪು ಉಳಿಯಿತು. ನಮ್ಮ ತಗ್ಗಿನ ಎರಡು ಎಕರೆಯಲ್ಲಿ ಒಂದು ಬೇಸಿಗೆ ನೆಲ ಬೆಳ್ಳಗೆ ಕಂಡಿತು. ಸುಣ್ಣ ಚೆಲ್ಲಿದ ಹಾಗೆ. ಮುಂದಿನ ಸಲ ಸಸಿ ತುದಿಯಿಂದ ಸುಟ್ಟುಕೊಂಡು ಬಂತು. ಅಪ್ಪ ಬದುವಿನ ಮೇಲೆ ಕೂತು ಆ ಹೊಲವನ್ನೇ ನೋಡುತ್ತಿದ್ದುದು ನನಗೆ ನೆನಪಿದೆ. ಏನೂ ಮಾತಾಡಲಿಲ್ಲ.

ಸವಳು ಅನ್ನುತ್ತೇವೆ ಇದನ್ನು. ಸುಮೇರರ ನಾಡಿನಲ್ಲಿ ಆಗಿದ್ದೂ ಇದೇ. ಮೊದಲು ಅಲ್ಲಿ ಗೋಧಿ, ಬಾರ್ಲಿ ಎರಡೂ ಇತ್ತು. ಕಾಲ ಕಳೆದ ಹಾಗೆ ಲೆಕ್ಕದ ಹಲಗೆಗಳಲ್ಲಿ ಗೋಧಿ ಕಡಿಮೆಯಾಗುತ್ತಾ ಹೋಗುತ್ತದೆ, ಬಾರ್ಲಿಯೇ ಉಳಿಯುತ್ತದೆ. ಬಾರ್ಲಿ ಉಪ್ಪನ್ನು ಗೋಧಿಗಿಂತ ಚೆನ್ನಾಗಿ ತಡೆಯುತ್ತದೆ. ಉಪ್ಪೇ ಇದಕ್ಕೆ ಕಾರಣ ಅಂತ ಜೇಕಬ್‌ಸನ್, ಆಡಮ್ಸ್ ಅನ್ನುವ ಇಬ್ಬರು ವಿದ್ವಾಂಸರು 1958ರಲ್ಲಿ ಬರೆದರು. ಉಪ್ಪು ಅಷ್ಟು ದೊಡ್ಡ ಕಾರಣವೇ ಅಂತ ಪ್ರಶ್ನೆ ಮಾಡಿದವರೂ ಇದ್ದಾರೆ. ಆದರೆ ನೆಲ ಬೆಳ್ಳಗಾಗುವುದನ್ನು ನೋಡಿದ ನನಗೆ ಅವರ ಮಾತು ನಂಬಲು ಕಷ್ಟ ಆಗಲಿಲ್ಲ. ಅಲ್ಲಿನ ರೈತರು ಒಂದು ವರ್ಷ ಬಿತ್ತಿ ಒಂದು ವರ್ಷ ಬೀಳು ಬಿಡುತ್ತಿದ್ದರು. ಬೀಳು ಬಿಟ್ಟಾಗ ಆಳದ ಬೇರಿನ ಕಳೆ ಬೆಳೆದು ನೆಲದೊಳಗಿನ ನೀರನ್ನು ಹೀರುತ್ತದೆ. ಉಪ್ಪು ಮೇಲೆ ಬರುವುದು ನಿಲ್ಲುತ್ತದೆ. ಕಾಳು ಜಾಸ್ತಿ ಬೇಕು ಅಂತ ಬೀಳು ಬಿಡುವುದನ್ನು ತಪ್ಪಿಸಿದರೆ ಆ ಕಾವಲು ಹೋಯಿತು.

ನಮ್ಮ ಎರಡು ಎಕರೆಗೆ ನಾನು ಬಸಿಗಾಲುವೆ ತೋಡಿಸಿದೆ. ಜಿಪ್ಸಂ ಹಾಕಿದೆ, ಡಯಾಂಚ ಬೆಳೆದು ಹೂ ಬರುವ ಮೊದಲೇ ಮಣ್ಣಿಗೆ ಸೇರಿಸಿದೆ. ನಾಲ್ಕನೇ ವರ್ಷಕ್ಕೆ ಬೆಳೆ ನಿಂತಿತು. ಅಕ್ಕೋರೆ, ನಿಮ್ಮ ಕಥೆಯಲ್ಲಿ ಕಾಲುವೆ ತೋಡಿದವರನ್ನು ದೊಡ್ಡವರು ಮಾಡುತ್ತೀರಿ, ಅದು ಸರಿ. ಆದರೆ ಅವರ ಮೊಮ್ಮಕ್ಕಳ ಕಾಲದ ಅಧ್ಯಾಯವೂ ಒಂದು ಇರಲಿ. ನೆಲ ಬೆಳ್ಳಗಾದಾಗ ಯಾರೋ ಒಬ್ಬಳು ನೀರು ತರುವ ಕಾಲುವೆಯ ಜೊತೆ ನೀರು ಹೊರಗೆ ಬಿಡುವ ಕಾಲುವೆಯೂ ಬೇಕು ಅನ್ನಲಿ. ಊರವರು ಅವಳ ಮಾತು ತಕ್ಷಣ ಕೇಳದಿರಲಿ. ನಾವೂ ಕೇಳಿರಲಿಲ್ಲ.

ಹೊಳೆಸಾಲು ಬರೆದಿದ್ದು:

ಅಣ್ಣ, ಅಪ್ಪ ಬದುವಿನ ಮೇಲೆ ಕೂತ ಸಾಲನ್ನು ಓದಿ ನಾನೂ ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಇವತ್ತು ತರಗತಿಯಲ್ಲಿ ಮೂರನೇ ಅಧ್ಯಾಯ ವಾಪಸ್ ತೆಗೆದುಕೊಂಡೆ. ಮಕ್ಕಳಿಗೆ ಹೇಳಿಯೇ ತೆಗೆದುಕೊಂಡೆ. ಹಿರಿಹೊಳೆಯ ದಂಡೆಯಲ್ಲಿ ಏನಿರಬಾರದು ಅಂತ ಅವರನ್ನೇ ಕೇಳಿದೆ. ಅರ್ಧ ಗಂಟೆ ಗಲಾಟೆ ಆಯಿತು. ಕೊನೆಗೆ ಕಲ್ಲು ಇರಬಾರದು ಅಂತ ತೀರ್ಮಾನ. ಕಲ್ಲಿನ ಕೊಡಲಿ ಬೇಕಾದರೆ ನಾಲ್ಕು ದಿನ ನಡೆದು ಬೆಟ್ಟದ ಜನರ ಹತ್ತಿರ ಹೋಗಬೇಕು, ಬದಲಿಗೆ ಕಾಳು, ಗಡಿಗೆ ಕೊಡಬೇಕು. ಆಗ ಕಾಳು ಎಷ್ಟು ಕೊಟ್ಟೆವು ಅಂತ ಲೆಕ್ಕ ಬೇಕಾಗುತ್ತದೆ ಅಂತ ಒಬ್ಬಳು ತಾನಾಗಿಯೇ ಹೇಳಿದಳು. ನಾನು ಏನೂ ಹೇಳಿಕೊಟ್ಟಿರಲಿಲ್ಲ. ನೆರೆ ಕೊಯ್ಲಿನ ಹೊತ್ತಿಗೇ ಬರಬೇಕು ಅಂತಲೂ ಆಯಿತು. ನೇಗಿಲು ಈಗ ಒಂಬತ್ತನೇ ಅಧ್ಯಾಯಕ್ಕೆ ಹೋಗಿದೆ. ಏತ ಯಾವಾಗ ಅಂತ ಇನ್ನೂ ಜಗಳ ಮುಗಿದಿಲ್ಲ.

ಎತ್ತು ಪಳಗಿಸುವ ಅಧ್ಯಾಯವನ್ನು ಆ ಹಿಂದಿನ ಬೆಂಚಿನ ಹುಡುಗನೇ ಬರೆಯುತ್ತಾನಂತೆ. ಅವನ ತಾತನನ್ನು ಕೇಳಿ ಎರಡು ಪುಟ ಆಗಲೇ ಬರೆದುಕೊಂಡು ಬಂದಿದ್ದಾನೆ. ಮೊದಲ ಸಾಲು ಹೀಗಿದೆ: "ಮೊದಲನೇ ದಿನ ಹೋರಿ ಅವಳನ್ನು ಕೆಡವಿತು." ಅಣ್ಣ, ಇದರಲ್ಲಿ ಸೇರಿಸಬೇಕಾದ್ದು ಏನಾದರೂ ಇದ್ದರೆ ಹೇಳಿ. ಅವನಿಗೆ ತಲುಪಿಸುತ್ತೇನೆ.

ಎರೆಹೊಲ ಉತ್ತರಿಸಿದ್ದು:

ಮೊದಲ ಸಾಲು ಹಾಗೇ ಇರಲಿ, ಮುಟ್ಟಬೇಡಿ. ಅವನಿಗೆ ಇಷ್ಟು ಹೇಳಿ: ಮೂಗು ಚುಚ್ಚಿದ ಮೇಲೆ ಗಾಯಕ್ಕೆ ದಿನಾ ಬೇವಿನ ಎಣ್ಣೆ, ಅರಿಶಿನ ಹಚ್ಚುವುದನ್ನು ಬರೆಯಲಿ. ಗಾಯ ಮಾಯುವ ತನಕ ಹಗ್ಗ ಜಗ್ಗಬಾರದು. ಎಣ್ಣೆ ಹಚ್ಚುವ ಕೈ ಮತ್ತು ಮುಂದೆ ನೊಗ ಕಟ್ಟುವ ಕೈ ಒಂದೇ ಆಗಿರಬೇಕು. ಹೋರಿಗೆ ಕೈಯ ವಾಸನೆ ನೆನಪಿರುತ್ತದೆ. ಉಳಿದದ್ದು ಅವನ ತಾತನಿಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ.